ಮೀಟರ್‌ನಿಂದ ಮಾಯವಾದ 98 ಸಾವಿರ ಕಿಲೋಮೀಟರ್: ಒಂದು ಸೆಕೆಂಡ್ ಹ್ಯಾಂಡ್ ಕಾರಿನ ಪ್ರಕರಣ

2024ರ ನವೆಂಬರ್ ತಿಂಗಳಲ್ಲಿ ತುಮಕೂರಿನ ಪ್ರೌಢಶಾಲಾ ಶಿಕ್ಷಕರೊಬ್ಬರು ಬೆಂಗಳೂರಿನ ಹಳೆ ಕಾರುಗಳ ವ್ಯಾಪಾರಿಯಿಂದ, 2017ರ ಜುಲೈನಲ್ಲಿ ನೋಂದಣಿಯಾಗಿದ್ದ ಡೀಸೆಲ್ ಸೆಡಾನ್ ಒಂದನ್ನು 5,35,000 ರೂಪಾಯಿ ಕೊಟ್ಟು ಕೊಂಡರು. ಸಾಲ ಕೊಡುವ ಬ್ಯಾಂಕಿನ ಮೌಲ್ಯಮಾಪಕರು ಗಾಡಿ ನೋಡಿದ ದಿನ ಮೀಟರ್‌ನಲ್ಲಿದ್ದದ್ದು 47,812 ಕಿಲೋಮೀಟರ್. ಅದಕ್ಕೆ ಮೂರು ತಿಂಗಳ ಹಿಂದೆ ಅದೇ ಗಾಡಿಯ ಮೀಟರ್‌ನಲ್ಲಿ 1,46,220 ಇತ್ತೆಂಬುದು ದಾಖಲೆ ಸಮೇತ ಗೊತ್ತಾದದ್ದು 2025ರ ಮಾರ್ಚ್‌ನಲ್ಲಿ. ನಾನು ವೃತ್ತಿಯಿಂದ ವಾಹನ ವಿಮೆಯ ನಷ್ಟ ಸಮೀಕ್ಷಕ. ಖರೀದಿಯಾದ ಮೇಲೆ ನನ್ನನ್ನು ಕರೆದರೇ ಹೊರತು ಮೊದಲಲ್ಲ. ಕಾಗದಪತ್ರಗಳನ್ನು ಜೋಡಿಸುವ ಕೆಲಸ ನನ್ನ ಪಾಲಿಗೆ ಬಂದದ್ದರಿಂದ ಪ್ರಕರಣವನ್ನು ಒಳಗಿನಿಂದ ನೋಡಿದ್ದೇನೆ. ಸಂಬಂಧಪಟ್ಟವರ ಗುರುತು ಸಿಗುವಂಥ ವಿವರಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಶಿಕ್ಷಕರನ್ನು ಊರಿನವರು ಕರೆಯುವಂತೆ ಮೇಷ್ಟ್ರು ಎಂದೇ ಕರೆಯುತ್ತೇನೆ.

ಖರೀದಿ

ಮೇಷ್ಟ್ರು ಎಚ್ಚರಿಕೆಯಿಲ್ಲದೆ ಕೊಂಡವರಲ್ಲ. ಭಾವಮೈದುನನನ್ನು ಜೊತೆಗೆ ಕರೆದುಕೊಂಡು ಎರಡು ಸಲ ಹೋಗಿ ಗಾಡಿ ನೋಡಿದ್ದರು, ಓಡಿಸಿದ್ದರು. ಸೀಟುಗಳಿಗೆ ಹೊಸ ಕವರು, ಸ್ಟಿಯರಿಂಗಿಗೆ ಹೊಸ ಹೊದಿಕೆ, ಪೆಡಲ್‌ಗಳಿಗೆ ಹೊಸ ರಬ್ಬರು ಇದ್ದವು. ಗಾಡಿಯನ್ನು ಅಚ್ಚುಕಟ್ಟಾಗಿ ಇಟ್ಟುಕೊಂಡಿದ್ದಾರೆ ಎಂದು ಅವರಿಗೆ ಆಗ ಅನ್ನಿಸಿತ್ತು. ಓಡಿದ ಗುರುತುಗಳು ಮೊದಲು ಕಾಣುವುದು ಈ ಮೂರೇ ಜಾಗಗಳಲ್ಲಿ, ಆ ಮೂರೂ ಒಟ್ಟಿಗೆ ಹೊಸದಾಗಿದ್ದರೆ ಅನುಮಾನ ಪಡಬೇಕು ಎಂಬುದು ನನ್ನಂಥವರಿಗೆ ಕಸುಬಿನಿಂದ ಬಂದ ಅಭ್ಯಾಸ. ಶಾಲೆಯಲ್ಲಿ ಗಣಿತ ಹೇಳಿಕೊಡುವವರಿಗೆ ಅದು ಗೊತ್ತಿರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಆದರೆ ಒಂದು ಕೆಲಸವನ್ನು ಅವರು ಸರಿಯಾಗಿ ಮಾಡಿದ್ದರು. ಮುಂಗಡ ಕೊಡುವ ಮೊದಲು ವ್ಯಾಪಾರಿಗೆ ವಾಟ್ಸ್ಆ್ಯಪ್‌ನಲ್ಲಿ, ಸರ್ವಿಸ್ ದಾಖಲೆ ನೋಡಬಹುದೇ ಎಂದು ಕೇಳಿದ್ದರು. ಅದಕ್ಕೆ ಬಂದ ಉತ್ತರ ಹೀಗಿತ್ತು: "ಶೋರೂಮ್ ರೆಕಾರ್ಡ್ ನಾವೇ ಚೆಕ್ ಮಾಡಿದೀವಿ ಸಾರ್. ಒರಿಜಿನಲ್ ಕಿಲೋಮೀಟರ್. ಏನೂ ಯೋಚ್ನೆ ಮಾಡ್ಬೇಡಿ." ಈ ಎರಡು ಸಾಲಿನ ಸಂದೇಶವೇ ಮುಂದೆ ಇಡೀ ಪ್ರಕರಣವನ್ನು ಹೊತ್ತು ನಿಂತಿತು.

ಹಣದ ಲೆಕ್ಕ ಹೀಗೆ. ನಾಲ್ಕು ಲಕ್ಷ ಬ್ಯಾಂಕ್ ಸಾಲವಾಗಿ ನೇರವಾಗಿ ವ್ಯಾಪಾರಿಯ ಖಾತೆಗೆ, 85,000 ಮೇಷ್ಟ್ರ ಖಾತೆಯಿಂದ, ಉಳಿದ 50,000 ನಗದಾಗಿ. ರಸೀದಿಯಲ್ಲಿ ಬರೆದದ್ದು 4,85,000 ಮಾತ್ರ. ಗಾಡಿ ಒಪ್ಪಿಸಿದ ಪತ್ರದಲ್ಲಿ ಕಿಲೋಮೀಟರ್ ನಮೂದಿಸುವ ಜಾಗವೇ ಇರಲಿಲ್ಲ. "ವಾಹನವನ್ನು ಪರೀಕ್ಷಿಸಿ, ಇದ್ದ ಸ್ಥಿತಿಯಲ್ಲಿ ಒಪ್ಪಿ ಪಡೆದಿರುತ್ತೇನೆ" ಎಂಬ ಅಚ್ಚಾದ ಸಾಲಿನ ಕೆಳಗೆ ಮೇಷ್ಟ್ರ ಸಹಿ ಇತ್ತು. ಹೆಸರು ವರ್ಗಾವಣೆಗೆ ಬೇಕಾದ ಫಾರಂ 29 ಮತ್ತು ಫಾರಂ 30ರಲ್ಲಿ ಮೊದಲ ಮಾಲೀಕರ ಸಹಿ ಆಗಲೇ ಬಿದ್ದಿತ್ತು, ವ್ಯಾಪಾರಿಯ ಹೆಸರು ಎಲ್ಲಿಯೂ ಇರಲಿಲ್ಲ. ಡಿಸೆಂಬರ್‌ನಲ್ಲಿ ಆರ್‌ಸಿ ಮೇಷ್ಟ್ರ ಹೆಸರಿಗೆ ಬಂದಾಗ, ಸರ್ಕಾರಿ ದಾಖಲೆಯ ಪ್ರಕಾರ ಅವರಿಗೆ ಕಾರು ಮಾರಿದವರು ಅವರು ಮುಖವನ್ನೇ ನೋಡದ ದಾವಣಗೆರೆಯ ಒಬ್ಬ ವ್ಯಕ್ತಿ.

ಅನುಮಾನದಿಂದ ದಾಖಲೆಗೆ

ಜನವರಿ ಕೊನೆಯಲ್ಲಿ ದೇವರಾಯನದುರ್ಗದ ಏರಿನಲ್ಲಿ ಕ್ಲಚ್ ಜಾರಿತು. ತುಮಕೂರಿನ ಮೆಕ್ಯಾನಿಕ್ ಗೇರ್‌ಬಾಕ್ಸ್ ಇಳಿಸಿ ನೋಡಿ, "ಮೇಷ್ಟ್ರೇ, ಇದು ಐವತ್ತು ಸಾವಿರ ಓಡಿರೋ ಗಾಡಿ ಅಲ್ಲ. ಕ್ಲಚ್ ಪ್ಲೇಟು ಕಂಪನೀದಲ್ಲ, ಆಗ್ಲೇ ಒಂದ್ಸಲ ಬದಲಾಯಿಸಿದಾರೆ. ಮೀಟರ್ ತಿರುಗಿಸಿದಾರೆ" ಎಂದರು. ಮೇಷ್ಟ್ರು ಅಂದೇ ರಾತ್ರಿ ವ್ಯಾಪಾರಿಗೆ ಫೋನ್ ಮಾಡಿ ಜಗಳ ಕಾಯ್ದರು. ಇಡೀ ಪ್ರಕರಣದಲ್ಲಿ ಅವರು ಮಾಡಿದ ದೊಡ್ಡ ತಪ್ಪು ಅದೊಂದೇ ಎಂದು ನಾನು ಎಣಿಸುತ್ತೇನೆ. ಮಾರನೆಯ ದಿನ ಬೆಳಿಗ್ಗೆ ಹೊತ್ತಿಗೆ ಆ ಕಾರಿನ ಆನ್‌ಲೈನ್ ಜಾಹೀರಾತು ಕಾಣೆಯಾಗಿತ್ತು. "47 ಸಾವಿರ ಕಿ.ಮೀ., ಸಿಂಗಲ್ ಓನರ್" ಎಂದು ಬರೆದಿದ್ದ ಆ ಜಾಹೀರಾತಿನ ಚಿತ್ರವನ್ನು ಅವರು ಉಳಿಸಿಕೊಂಡಿರಲಿಲ್ಲ. ನವೆಂಬರ್‌ನಲ್ಲಿ ಅಭಿಪ್ರಾಯ ಕೇಳಲೆಂದು ಭಾವಮೈದುನನಿಗೆ ಕಳಿಸಿದ್ದ ಸ್ಕ್ರೀನ್‌ಶಾಟ್ ಆತನ ಫೋನಿನಲ್ಲಿ ಉಳಿದಿದ್ದರಿಂದ ಬಚಾವಾದೆವು.

ನನ್ನನ್ನು ಕರೆದದ್ದು ಆಮೇಲೆ. ಮೆಕ್ಯಾನಿಕ್ ಹೇಳಿದ್ದು ನಿಜವಿರಬಹುದು, ಆದರೆ ಬದಲಾದ ಕ್ಲಚ್ ಸಾಕ್ಷಿಯಲ್ಲ. ಅರ್ಧ ಕ್ಲಚ್ಚಿನಲ್ಲೇ ಕಾಲಿಟ್ಟು ಓಡಿಸುವವರ ಕೈಯಲ್ಲಿ, ಬೆಂಗಳೂರಿನ ಟ್ರಾಫಿಕ್‌ನಲ್ಲಿ, ಕ್ಲಚ್ 40 ಸಾವಿರಕ್ಕೇ ಮುಗಿಯುವುದುಂಟು. ಟೈರಿನ ಗೋಡೆಯ ಮೇಲಿನ ನಾಲ್ಕಂಕಿ, ಅಂದರೆ ತಯಾರಾದ ವಾರ ಮತ್ತು ವರ್ಷ, 2023ರ ಆರಂಭವನ್ನು ತೋರಿಸುತ್ತಿತ್ತು. 47 ಸಾವಿರ ಓಡಿದ ಗಾಡಿಗೆ ಒಮ್ಮೆ ಹೊಸ ಟೈರು ಹಾಕಿದ್ದರೆ ಅದರಲ್ಲಿ ವಿಶೇಷವಿಲ್ಲ. ಇಂಥವು ಕೊಳ್ಳುವ ಮೊದಲು ಹಿಂದೆ ಸರಿಯಲು ಸಾಕು, ಕೊಂಡ ಮೇಲೆ ಹೋರಾಡಲು ಸಾಲವು. ಹೋರಾಟಕ್ಕೆ ಬೇಕಾದದ್ದು ದಿನಾಂಕ ಮತ್ತು ಕಿಲೋಮೀಟರ್ ಎರಡೂ ಒಟ್ಟಿಗೆ ಇರುವ ಕಾಗದ, ಅದೂ ಈ ಜಗಳದಲ್ಲಿ ಯಾವ ಲಾಭವೂ ಇಲ್ಲದವರು ಬರೆದ ಕಾಗದ.

ಮೊದಲು ಸಿಕ್ಕಿದ್ದು ಮೇಷ್ಟ್ರ ಬ್ಯಾಂಕಿನಲ್ಲೇ. ಹಳೆ ಕಾರಿಗೆ ಸಾಲ ಕೊಡುವ ಬ್ಯಾಂಕು ಗಾಡಿಯ ಮೌಲ್ಯಮಾಪನ ಮಾಡಿಸುತ್ತದೆ, ಅದರಲ್ಲಿ ಮೀಟರ್‌ನ ಚಿತ್ರವೂ ಇರುತ್ತದೆ ಎಂಬುದು ಸಾಲ ಪಡೆದವರಿಗೇ ಅನೇಕ ಸಲ ಗೊತ್ತಿರುವುದಿಲ್ಲ. ಅರ್ಜಿ ಕೊಟ್ಟ ಮೇಲೆ ವರದಿಯ ಪ್ರತಿ ಬಂತು: ನವೆಂಬರ್ ತಾರೀಖು, ವ್ಯಾಪಾರಿಯ ಯಾರ್ಡಿನಲ್ಲಿ ತೆಗೆದ ಚಿತ್ರ, 47,812. ವ್ಯಾಪಾರಿಯ ಕೈಯಲ್ಲಿದ್ದಾಗ ಮೀಟರ್ ಏನು ಹೇಳುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಕಾಗದ ಬೇಕಿರಲಿಲ್ಲ.

ಎರಡನೆಯದು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್. ನೋಂದಣಿ ಸಂಖ್ಯೆ ಹಾಕಿದರೆ ಪರದೆಯ ಮೇಲೆ ಇತಿಹಾಸವೆಲ್ಲ ಬಂತು. ಆದರೆ ಹಳೆ ಮಾಲೀಕರ ಮಾಹಿತಿ ಎಂದು ಮುದ್ರಿಸಿ ಕೊಡಲು ಒಪ್ಪಲಿಲ್ಲ. ಆರ್‌ಸಿ ಈಗ ಮೇಷ್ಟ್ರ ಹೆಸರಿನಲ್ಲಿದೆ, ಬೇಕಾಗಿರುವುದು ಗಾಡಿಯ ಇತಿಹಾಸವೇ ಹೊರತು ವ್ಯಕ್ತಿಯ ವಿಳಾಸವಲ್ಲ ಎಂದು ಬರವಣಿಗೆಯಲ್ಲಿ ಕೊಟ್ಟ ಮೇಲೆ, ಹೆಸರು ಮತ್ತು ಫೋನ್ ಸಂಖ್ಯೆ ಮರೆಮಾಡಿ, ಮೊಹರು ಹಾಕಿ ಕೊಟ್ಟರು. ಕೊನೆಯ ನಮೂದು 2022ರ ಮಾರ್ಚ್‌ನದು: 1,04,350 ಕಿಲೋಮೀಟರ್. ಅಲ್ಲಿಂದಾಚೆಗೆ ಗಾಡಿ ಶೋರೂಮಿಗೆ ಬಂದಿರಲಿಲ್ಲ.

ಮೂರನೆಯದಕ್ಕಾಗಿ ದಾವಣಗೆರೆಗೆ ಹೋಗಬೇಕಾಯಿತು. ಮೊದಲ ಮಾಲೀಕರು ಔಷಧ ಕಂಪನಿಯೊಂದರ ಮಾರಾಟ ವಿಭಾಗದಲ್ಲಿದ್ದವರು, ಊರೂರು ತಿರುಗುವ ಕೆಲಸ. ನಮ್ಮನ್ನು ಕಂಡಾಗ ಮೊದಲು ಹೆದರಿದರು, ಏಕೆಂದರೆ ಖಾಲಿ ಫಾರಂ 29, 30ಕ್ಕೆ ಸಹಿ ಹಾಕಿ ಕೊಟ್ಟಿದ್ದರಿಂದ ದಾಖಲೆಯ ಮಟ್ಟಿಗೆ ಮೇಷ್ಟ್ರಿಗೆ ಮಾರಿದವರು ತಾವೇ ಎಂಬುದು ಅವರಿಗೂ ಆಗಷ್ಟೇ ಹೊಳೆದಿತ್ತು. 2024ರ ಆಗಸ್ಟ್‌ನಲ್ಲಿ ಹೊಸ ಕಾರು ಕೊಳ್ಳುವಾಗ ಈ ಗಾಡಿಯನ್ನು ಎಕ್ಸ್‌ಚೇಂಜ್‌ಗೆ ಕೊಟ್ಟಿದ್ದರು. ಆಗ ಶೋರೂಮಿನವರು ಮಾಡಿದ ಮೌಲ್ಯಮಾಪನದ ಹಾಳೆ ಅವರ ಇಮೇಲ್‌ನಲ್ಲಿತ್ತು. ಅದರಲ್ಲಿ 1,46,220 ಎಂದಿತ್ತು. 2021ರ ಆಗಸ್ಟ್‌ನಲ್ಲಿ ಅಪಘಾತವಾಗಿ ವಿಮೆ ಪಡೆದಾಗಿನ ಸಮೀಕ್ಷೆಯ ವರದಿಯನ್ನೂ ಅವರು ಹುಡುಕಿ ಕೊಟ್ಟರು, ಅದರಲ್ಲಿದ್ದದ್ದು 90,715. ವರದಿ ಬರೆದವರು ನನ್ನದೇ ಕಸುಬಿನವರು. ಮೀಟರ್ ಓದಿ ಬರೆಯುವುದನ್ನು ನಾವು ಬಹಳ ಸಲ ಕಾಟಾಚಾರಕ್ಕೆ ಮಾಡುತ್ತೇವೆ ಎಂಬುದನ್ನು ಒಪ್ಪಿಕೊಳ್ಳಬೇಕು. ಅಂಥ ಒಂದು ಸಾಲು ನಾಲ್ಕು ವರ್ಷಗಳ ಮೇಲೆ ಇನ್ನೊಬ್ಬರಿಗೆ ಆಸರೆಯಾದದ್ದನ್ನು ಕಂಡ ಮೇಲೆ ನನ್ನ ಅಭ್ಯಾಸವೂ ಬದಲಾಗಿದೆ.

ಗಾಡಿಯ ಒಳಗಿನ ಲೆಕ್ಕ

ಇಲ್ಲಿ ಸ್ವಲ್ಪ ಯಂತ್ರದ ವಿಷಯ ಹೇಳದೆ ವಿಧಿಯಿಲ್ಲ. ಈಗಿನ ಕಾರುಗಳಲ್ಲಿ ಓಡಿದ ದೂರದ ಸಂಖ್ಯೆ ಇರುವುದು ಡ್ಯಾಶ್‌ಬೋರ್ಡಿನ ಮೀಟರ್ ಕ್ಲಸ್ಟರ್ ಒಳಗಿನ ಒಂದು ಸಣ್ಣ ಸ್ಮೃತಿ ಚಿಪ್‌ನಲ್ಲಿ. ಅದನ್ನು ಬದಲಿಸಲು ಹಲ್ಲಿನ ಚಕ್ರಗಳನ್ನು ಹಿಂದಕ್ಕೆ ತಿರುಗಿಸಬೇಕಿಲ್ಲ. ತಂತಿ ಸಿಕ್ಕಿಸಿ, ಲ್ಯಾಪ್‌ಟಾಪಿನಲ್ಲಿ ಬೇಕಾದ ಅಂಕಿ ಬರೆದರೆ ಮುಗಿಯಿತು. "ಮೀಟರ್ ತಿರುಗಿಸುವುದು" ಎಂಬ ಮಾತು ಮಾತ್ರ ಹಳೆಯ ಕಾಲದ್ದು ಉಳಿದುಕೊಂಡಿದೆ. ಆದರೆ ಎಂಜಿನ್ನಿನ ಕಂಪ್ಯೂಟರು ತನ್ನದೇ ಕೆಲವು ಲೆಕ್ಕಗಳನ್ನು ಬೇರೆಯಾಗಿ ಇಟ್ಟುಕೊಂಡಿರುತ್ತದೆ. ಗಾಡಿಯಲ್ಲಿ ತೊಂದರೆ ಕಂಡಾಗ ಆ ಕಂಪ್ಯೂಟರು ಒಂದು ದೋಷಸಂಕೇತವನ್ನು ಬರೆದಿಟ್ಟುಕೊಳ್ಳುತ್ತದೆ, ರಿಪೇರಿಯಾದ ಮೇಲೆ ಮೆಕ್ಯಾನಿಕ್ ಅದನ್ನು ಅಳಿಸುತ್ತಾರೆ. ಹಾಗೆ ಕೊನೆಯ ಸಲ ಅಳಿಸಿದ ಮೇಲೆ ಗಾಡಿ ಓಡಿದ ದೂರ ಆ ಲೆಕ್ಕಗಳಲ್ಲಿ ಒಂದು. ಇದು ಎಲ್ಲ ಗಾಡಿಗಳಲ್ಲೂ ಸಿಗುವುದಿಲ್ಲ. ಸಿಕ್ಕರೂ 65,535ರವರೆಗೆ ಮಾತ್ರ ಎಣಿಸಬಲ್ಲದು.

ಮೇಷ್ಟ್ರ ಕಾರಿನಲ್ಲಿ ಅದು ಸಿಕ್ಕಿತು. ಫೆಬ್ರವರಿ ಮೊದಲ ವಾರದಲ್ಲಿ ಮೀಟರ್ 51,246 ತೋರಿಸುತ್ತಿದ್ದಾಗ, ಆ ಕಂಪ್ಯೂಟರಿನ ಲೆಕ್ಕಗಳನ್ನು ಓದುವ ಸ್ಕ್ಯಾನರ್‌ನಲ್ಲಿ ಈ ದೂರ 59,230 ಎಂದು ಬಂತು. ಹುಟ್ಟಿದಾಗಿನಿಂದ 51 ಸಾವಿರ ಓಡಿದ ಗಾಡಿ, ನಡುವೆ ಎಂದೋ ಸಂಕೇತ ಅಳಿಸಿದ ಮೇಲೆ 59 ಸಾವಿರ ಓಡಿರಲು ಸಾಧ್ಯವಿಲ್ಲ. ಇದು ಇನ್ನೊಂದು ದಿನ ತಡವಾಗಿದ್ದರೆ ಸಿಗುತ್ತಿರಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಹತ್ತಿಕೊಂಡಿದ್ದರಿಂದ, ಕ್ಲಚ್ ಕೆಲಸದ ಜೊತೆಗೇ ಸ್ಕ್ಯಾನರ್ ಹಾಕಿ ಅದನ್ನೂ ಅಳಿಸಿಬಿಡುತ್ತೇನೆಂದು ಮೆಕ್ಯಾನಿಕ್ ಸಿದ್ಧರಾಗಿದ್ದರು. ಆ ಒಂದು ಗುಂಡಿ ಒತ್ತಿದ್ದರೆ 59,230 ಸೊನ್ನೆಯಾಗುತ್ತಿತ್ತು. ತಡೆದು, ನಂಬರ್ ಪ್ಲೇಟ್, ಬಾಗಿಲ ಬಳಿಯ ಚಾಸಿ ಸಂಖ್ಯೆ, ಮೀಟರ್, ಸ್ಕ್ಯಾನರ್ ಪರದೆ ಇಷ್ಟನ್ನೂ ಕ್ಯಾಮೆರಾ ನಿಲ್ಲಿಸದೆ ಒಂದೇ ವಿಡಿಯೊದಲ್ಲಿ ತೆಗೆದೆವು.

ನನಗೆ ಇನ್ನೊಂದು ಆಸೆ ಹುಟ್ಟಿತ್ತು. 2021ರ ಅಪಘಾತದ ರಿಪೇರಿಯಲ್ಲೇ ಸಂಕೇತಗಳನ್ನು ಅಳಿಸಿದ್ದಾರೆಂದು ಹಿಡಿದರೆ 90,715ಕ್ಕೆ 59,230 ಸೇರಿ ಸುಮಾರು ಒಂದೂವರೆ ಲಕ್ಷವಾಗುತ್ತದೆ. ಅದರಿಂದ ಬ್ಯಾಂಕಿನ ಮೌಲ್ಯಮಾಪನದ ದಿನದಿಂದ ಓಡಿದ 3,434ನ್ನು ಕಳೆದು, ಉಳಿದದ್ದನ್ನು ಎಕ್ಸ್‌ಚೇಂಜ್ ಹಾಳೆಯ 1,46,220ರ ಜೊತೆ ಹೋಲಿಸಿದರೆ, ಎಕ್ಸ್‌ಚೇಂಜ್ ಆದ ಮೇಲೆ ಹಳೆ ಮೀಟರ್‌ನಲ್ಲೇ ಗಾಡಿ ಮುನ್ನೂರು ಕಿಲೋಮೀಟರ್ ಹತ್ತಿರ ಓಡಿದಂತೆ ಕಾಣುತ್ತದೆ. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260. ಅಂದರೆ ಕೈವಾಡ ನಡೆದದ್ದು ಬೆಂಗಳೂರಿಗೆ ಬಂದ ಮೇಲೆ! ಮೇಷ್ಟ್ರಿಗೆ ಈ ಲೆಕ್ಕ ಬಹಳ ಹಿಡಿಸಿತು. ಆದರೆ ಸಂಕೇತ ಅಳಿಸಿದ್ದು ಯಾವಾಗ ಎಂಬುದಕ್ಕೆ ದಾಖಲೆಯಿಲ್ಲ, ಮೇಲಾಗಿ ಎರಡು ಎಣಿಕೆಗಳ ನಡುವೆ ಶೇಕಡಾ ಒಂದರಷ್ಟು ವ್ಯತ್ಯಾಸವಿದ್ದರೂ ಅದೇ 590 ಕಿಲೋಮೀಟರ್ ಆಗುತ್ತದೆ. ಊಹೆಯನ್ನು ಸಾಕ್ಷಿಯ ಜೊತೆ ಕಟ್ಟಿದರೆ ಎದುರಿನ ವಕೀಲರು ಊಹೆಯನ್ನು ಎಳೆದು ಸಾಕ್ಷಿಯನ್ನೂ ಬೀಳಿಸುತ್ತಾರೆ. ಅದನ್ನು ದೂರಿನಲ್ಲಿ ಸೇರಿಸಲಿಲ್ಲ.

ತಿರುಗಿಸಿದವರು ಯಾರು?

ಆಗಸ್ಟ್‌ನಿಂದ ನವೆಂಬರ್‌ವರೆಗೆ ಗಾಡಿ ಇದ್ದದ್ದು ಇಬ್ಬರ ಕೈಯಲ್ಲಿ. ಎಕ್ಸ್‌ಚೇಂಜ್ ಗಾಡಿಗಳನ್ನು ಎತ್ತುವ ದಾವಣಗೆರೆಯ ಬ್ರೋಕರ್ ಒಬ್ಬರು, ಅವರಿಂದ ಕೊಂಡ ಬೆಂಗಳೂರಿನ ವ್ಯಾಪಾರಿ. ಬ್ರೋಕರ್ ಫೋನಿನಲ್ಲಿ, ತಾನು ಕೊಡುವಾಗ ಒಂದೂ ನಲವತ್ತಾರೇ ಇತ್ತು ಎಂದರು, ಬರೆದು ಕೊಡಲು ಒಪ್ಪಲಿಲ್ಲ. ತನ್ನ ಕೈಗೆ ಬಂದದ್ದೇ 47 ಸಾವಿರ ಎಂದು ವ್ಯಾಪಾರಿ ಸಾಧಿಸಿದರು. ಮೇಷ್ಟ್ರ ಮನಸ್ಸು ಪೂರ್ತಿ ಇದರಲ್ಲೇ ಸಿಕ್ಕಿಕೊಂಡಿತ್ತು. ಕಳ್ಳ ಯಾರೆಂದು ಗೊತ್ತಾಗದೆ ನ್ಯಾಯ ಹೇಗೆ ಸಿಗುತ್ತದೆ ಎಂಬುದು ಅವರ ಪ್ರಶ್ನೆ. ಬೆಂಗಳೂರಿನ ಠಾಣೆಯೊಂದರಲ್ಲಿ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 318ರಡಿ ವಂಚನೆಯ ದೂರು ಕೊಟ್ಟಾಗ ಅಲ್ಲಿಯೂ ಇದೇ ಪ್ರಶ್ನೆ ಬಂತು, ಜೊತೆಗೆ ಇದು ಸಿವಿಲ್ ಸ್ವರೂಪದ್ದು ಎಂಬ ಮಾಮೂಲು ಮಾತೂ ಬಂತು. ದೂರಿನ ಸ್ವೀಕೃತಿಯನ್ನು ಮಾತ್ರ ಪಡೆದು ಬಂದೆವು.

ತುಮಕೂರಿನ ವಕೀಲರು ಪ್ರಕರಣದ ದಿಕ್ಕು ತಿರುಗಿಸಿದ್ದು ಇಲ್ಲಿಯೇ. ಕ್ರಿಮಿನಲ್ ಮೊಕದ್ದಮೆಯಲ್ಲಿ ತಿರುಗಿಸಿದ ಕೈ ಯಾವುದು, ಅದರ ಉದ್ದೇಶ ಏನು ಎಂಬುದನ್ನು ಸಂಶಯಾತೀತವಾಗಿ ತೋರಿಸಬೇಕು. ಗ್ರಾಹಕ ಆಯೋಗದಲ್ಲಿ ತೋರಿಸಬೇಕಾದದ್ದು ಅದಲ್ಲ. ಈ ಸಂಖ್ಯೆಯನ್ನು ಹೇಳಿ ಮಾರಿದವರು ಯಾರು, ಆ ಸಂಖ್ಯೆ ಸುಳ್ಳೋ ಅಲ್ಲವೋ ಎಂಬುದನ್ನು ಮಾತ್ರ. ಸರಕಿನ ಗುಣಮಟ್ಟದ ಬಗ್ಗೆ ಸುಳ್ಳು ಹೇಳಿ ಮಾರುವುದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಸೆಕ್ಷನ್ 2(47)ರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಮೀಟರ್ ತಿರುಗಿಸಿದ್ದು ವ್ಯಾಪಾರಿಯೇ ಎಂಬ ಒಂದು ವಾಕ್ಯವನ್ನು ವಕೀಲರು ದೂರಿನ ಕರಡಿನಿಂದ ತಾವೇ ಹೊಡೆದುಹಾಕಿದರು. ಅದನ್ನು ಬರೆದರೆ ಅದನ್ನು ರುಜುವಾತುಪಡಿಸುವ ಹೊರೆ ನಮ್ಮ ತಲೆಯ ಮೇಲೆ ಬರುತ್ತದೆ, ಬರೆಯದಿದ್ದರೆ ನಮಗೆ ಯಾವ ನಷ್ಟವೂ ಇಲ್ಲ ಎಂಬುದು ಅವರ ವಾದ.

ಮೀಟರ್ ಕೈವಾಡವೇ ಒಂದು ಪ್ರತ್ಯೇಕ ಅಪರಾಧವೆಂದು ಬರೆದ ಕಾನೂನು ಇದ್ದಿದ್ದರೆ ದಾರಿ ಬೇರೆಯಾಗುತ್ತಿತ್ತೋ ಏನೋ. ಅಮೆರಿಕದಲ್ಲಿ 1972ರಿಂದ, ಜರ್ಮನಿಯಲ್ಲಿ 2005ರಿಂದ ಅಂಥ ಕಾನೂನಿದೆ; ಬೆಲ್ಜಿಯಂನಲ್ಲಿ 2006ರಿಂದ ಹಳೆ ಕಾರು ಮಾರುವಾಗ ಅದುವರೆಗಿನ ಮೀಟರ್ ದಾಖಲೆಗಳ ಪ್ರಮಾಣಪತ್ರ ಕೊಡಲೇಬೇಕು. ನಮ್ಮಲ್ಲಿ ಸಾಮಾನ್ಯ ವಂಚನೆಯ ಸೆಕ್ಷನ್ನನ್ನೇ ನೆಚ್ಚಿಕೊಳ್ಳಬೇಕಾಗಿದೆ.

ನೋಟಿಸು, ಉತ್ತರ, ದೂರು

ಮಾರ್ಚ್ ಕೊನೆಯಲ್ಲಿ ಹದಿನೈದು ದಿನಗಳ ಗಡುವಿನ ವಕೀಲರ ನೋಟಿಸು ಹೋಯಿತು. ಉತ್ತರ ಬಂತು, ಅದರಲ್ಲಿ ಮೂರು ತಕರಾರುಗಳಿದ್ದವು.

ತಾನು ಕಮಿಷನ್ ಏಜೆಂಟ್ ಮಾತ್ರ, ಮಾರಿದವರು ಆರ್‌ಸಿಯಲ್ಲಿದ್ದ ಮೊದಲ ಮಾಲೀಕರು ಎಂಬುದು ಮೊದಲನೆಯದು. ಮೇಲ್ನೋಟಕ್ಕೆ ಇದು ಬಲವಾದದ್ದು, ಏಕೆಂದರೆ ಸರ್ಕಾರಿ ದಾಖಲೆ ಅವರ ಪರವಾಗಿಯೇ ಇತ್ತು. ಒಬ್ಬ ಖಾಸಗಿ ವ್ಯಕ್ತಿ ತನ್ನ ಕಾರನ್ನು ಇನ್ನೊಬ್ಬರಿಗೆ ಮಾರಿದ್ದರೆ ಗ್ರಾಹಕ ಆಯೋಗದ ಬಾಗಿಲೇ ತೆರೆಯುವುದು ಕಷ್ಟ. ಆದರೆ ನಾಲ್ಕು ಲಕ್ಷದ ಸಾಲ ಮತ್ತು 85 ಸಾವಿರ ಹೋದದ್ದು ವ್ಯಾಪಾರಿಯ ಖಾತೆಗೆ, ರಸೀದಿ ಅವರ ಲೆಟರ್‌ಹೆಡ್‌ನಲ್ಲಿದೆ, ಮೊದಲ ಮಾಲೀಕರಿಗೆ ಈ ವ್ಯವಹಾರದಿಂದ ಒಂದು ರೂಪಾಯಿಯೂ ಬಂದಿಲ್ಲ. ಇದಲ್ಲದೆ, ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2022ರ ಡಿಸೆಂಬರ್‌ನಲ್ಲಿ ತಂದು 2023ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿಯ ಪ್ರಕಾರ, ಹಳೆ ವಾಹನಗಳ ವ್ಯಾಪಾರಿ ನೋಂದಣಿ ಪ್ರಾಧಿಕಾರದಿಂದ ಅಧಿಕಾರಪತ್ರ ಪಡೆದಿರಬೇಕು. ಮಾಲೀಕರು ಗಾಡಿಯನ್ನು ವ್ಯಾಪಾರಿಗೆ ಒಪ್ಪಿಸಿದ್ದನ್ನು ಪ್ರಾಧಿಕಾರಕ್ಕೆ ತಿಳಿಸಬೇಕು. ಅಲ್ಲಿಂದ ವ್ಯಾಪಾರಿಯೇ ಮಾಲೀಕರೆಂದು ಪರಿಗಣಿತರಾಗುತ್ತಾರೆ. ಗಾಡಿ ಯಾವ ಕೆಲಸಕ್ಕೆ, ಎಷ್ಟು ದೂರ ಹೋಯಿತು ಎಂಬ ವಿದ್ಯುನ್ಮಾನ ದಾಖಲೆಯನ್ನೂ ಅವರು ಇಡಬೇಕು. ಈ ವ್ಯಾಪಾರಿಯ ಬಳಿ ಅಧಿಕಾರಪತ್ರವೂ ಇರಲಿಲ್ಲ, ದಾಖಲೆಯೂ ಇರಲಿಲ್ಲ. ನಿಯಮ ಪಾಲಿಸದಿರುವುದನ್ನೇ ತನ್ನ ರಕ್ಷಣೆಯಾಗಿ ಮುಂದಿಡುವುದು ಸರಿಯೇ ಎಂದು ವಕೀಲರು ಕೇಳಿದರು. ಮೊದಲ ಮಾಲೀಕರನ್ನು ಎದುರುದಾರರನ್ನಾಗಿ ಮಾಡದೆ ಅವರಿಂದ ಪ್ರಮಾಣಪತ್ರ ಪಡೆದದ್ದು ಒಳ್ಳೆಯ ನಡೆಯಾಯಿತು. ಬೇರೆಯವರ ತಪ್ಪು ತನ್ನ ಮೇಲೆ ಬರುತ್ತಿದೆ ಎಂದು ತಿಳಿದವರಷ್ಟು ಶ್ರದ್ಧೆಯ ಸಾಕ್ಷಿ ಸಿಗುವುದು ಅಪರೂಪ.

"ಇದ್ದ ಸ್ಥಿತಿಯಲ್ಲಿ" ಎಂಬ ಸಹಿ ಎರಡನೆಯದು. ಅದು ಗೀರು, ಸವೆತ, ಕಣ್ಣಿಗೆ ಕಾಣುವ ದೋಷಗಳಿಗೆ ಅನ್ವಯಿಸಬಹುದು, ಹೇಳಿದ ಸುಳ್ಳಿಗಲ್ಲ ಎಂದು ಬೇಗನೆ ಉತ್ತರಿಸಿ ಮುಗಿಸಲಾಯಿತು.

ನಿಜವಾದ ಅಪಾಯವಿದ್ದದ್ದು ಮೂರನೆಯದರಲ್ಲಿ: ತನಗೂ ಗೊತ್ತಿರಲಿಲ್ಲ, ಕೊಳ್ಳುವವರು ಸಾಮಾನ್ಯ ಎಚ್ಚರಿಕೆ ವಹಿಸಿದ್ದರೆ ಶೋರೂಮಿನಲ್ಲಿ ವಿಚಾರಿಸಿ ನಿಜ ತಿಳಿಯಬಹುದಿತ್ತು. ಕರಾರು ಕಾಯ್ದೆ, 1872ರ ಸೆಕ್ಷನ್ 19ರಲ್ಲಿ ಇಂಥ ಒಂದು ವಿನಾಯಿತಿ ಇದೆ. ಗೊತ್ತಿಲ್ಲದೆ ಹೇಳಿದ ತಪ್ಪು ಹೇಳಿಕೆಯಾಗಿದ್ದರೆ, ಸಾಮಾನ್ಯ ಎಚ್ಚರಿಕೆಯಿಂದ ನಿಜ ತಿಳಿಯಬಹುದಾಗಿದ್ದವರು ಕರಾರನ್ನು ರದ್ದುಪಡಿಸಲಾಗದು. ಎದುರಿನವರು ತಿಳಿದೇ ಹೇಳಿದ ಸುಳ್ಳಾಗಿದ್ದರೆ ಆ ವಿನಾಯಿತಿ ಅವರನ್ನು ಕಾಪಾಡುವುದಿಲ್ಲ. ತಿರುಗಿಸಿದ್ದು ವ್ಯಾಪಾರಿಯೇ ಎಂದು ನಾವು ತೋರಿಸಲಾರೆವು. ಹಾಗಾದರೆ ಸಂಖ್ಯೆ ಸುಳ್ಳೆಂದು ಅವರಿಗೆ ಗೊತ್ತಿತ್ತೆಂದು ತೋರಿಸುವುದು ಹೇಗೆ?

ಆಗ ಕೈಗೆ ಬಂದದ್ದು ಆ ಎರಡು ಸಾಲಿನ ಸಂದೇಶ. "ಶೋರೂಮ್ ರೆಕಾರ್ಡ್ ನಾವೇ ಚೆಕ್ ಮಾಡಿದೀವಿ." ನಿಜವಾಗಿ ನೋಡಿದ್ದರೆ 2022ರ ಮಾರ್ಚ್‌ನ 1,04,350 ಕಣ್ಣಿಗೆ ಬಿದ್ದೇ ಬೀಳುತ್ತಿತ್ತು, ಆಗ 47 ಸಾವಿರ ಸುಳ್ಳೆಂದು ಅವರಿಗೆ ಗೊತ್ತಿತ್ತು. ನೋಡಿಯೇ ಇಲ್ಲವೆಂದರೆ, ನೋಡಿದ್ದೇವೆ ಎಂಬ ಮಾತೇ ಸುಳ್ಳು, ಮತ್ತು ಅದು ಸುಳ್ಳೆಂದು ಹೇಳುವಾಗಲೇ ಅವರಿಗೆ ಗೊತ್ತಿತ್ತು. ಯಾವ ಕಡೆಯಿಂದ ಹೋದರೂ ಒಂದು ಸುಳ್ಳು ಅವರ ಸ್ವಂತದ್ದೇ ಆಗಿ ಉಳಿಯುತ್ತದೆ. ಮೇಷ್ಟ್ರು ಎಚ್ಚರಿಕೆ ವಹಿಸಲಿಲ್ಲ ಎಂಬ ಮಾತೂ ನಿಲ್ಲಲಿಲ್ಲ, ಏಕೆಂದರೆ ಅವರು ಕೇಳಿದ್ದರು. ಕೇಳಿದ ಮೇಲೆ ಬಂದ ಉತ್ತರವೇ ಮುಂದಿನ ವಿಚಾರಣೆಯನ್ನು ನಿಲ್ಲಿಸಿತ್ತು.

ದೂರು ದಾಖಲಾದದ್ದು ಏಪ್ರಿಲ್ ಕೊನೆಯಲ್ಲಿ, ತುಮಕೂರಿನ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ. 2019ರ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಊರಿನಲ್ಲೇ ದೂರು ಕೊಡಬಹುದು. ಹಳೆಯ 1986ರ ಕಾಯ್ದೆಯೇ ಇದ್ದಿದ್ದರೆ ಮೇಷ್ಟ್ರು ಪ್ರತಿ ವಾಯಿದೆಗೂ ರಜೆ ಹಾಕಿ ಬೆಂಗಳೂರಿಗೆ ಅಲೆಯಬೇಕಿತ್ತು, ಬಹುಶಃ ಎರಡನೆಯ ವಾಯಿದೆಗೇ ಕೈಬಿಡುತ್ತಿದ್ದರು. ಎರಡು ವರ್ಷಗಳ ಕಾಲಮಿತಿಯನ್ನು ಮೋಸ ತಿಳಿದ ದಿನದಿಂದ ಎಣಿಸಬಹುದೆಂಬ ವಾದವಿದ್ದರೂ ಖರೀದಿಯ ದಿನದಿಂದಲೇ ಎಣಿಸಿಕೊಳ್ಳಿ ಎಂದು ವಕೀಲರು ಹೇಳಿದ್ದರು. ಶುಲ್ಕದ ವಿಷಯದಲ್ಲಿ ಒಂದು ಸಣ್ಣ ಆಕರ್ಷಣೆ ಇತ್ತು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಐದರಿಂದ ಹತ್ತು ಲಕ್ಷದವರೆಗೆ 200 ರೂಪಾಯಿ. ರಸೀದಿ ಇದ್ದದ್ದು 4,85,000ಕ್ಕೆ. ಆದರೆ ನಿಜವಾಗಿ ಕೊಟ್ಟ 5,35,000ವನ್ನೇ ಬರೆದು 200 ಕಟ್ಟಲಾಯಿತು. ನಗದಿಗೆ ರಸೀದಿ ಇಲ್ಲದಿದ್ದರೂ "ಡೆಲಿವರಿ ದಿನ 50 ಕ್ಯಾಶ್ ತನ್ನಿ ಸಾರ್" ಎಂಬ ಸಂದೇಶ ಇತ್ತು. ಫೋನಿನ ಸಂದೇಶಗಳ ಮುದ್ರಿತ ಪ್ರತಿಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಸೆಕ್ಷನ್ 63ರ ಪ್ರಮಾಣಪತ್ರವನ್ನೂ ಲಗತ್ತಿಸಿದೆವು.

ಏನನ್ನು ಕೇಳಬೇಕು ಎಂಬುದರಲ್ಲಿ ನನಗೂ ಮೇಷ್ಟ್ರಿಗೂ ಒಮ್ಮತವಿರಲಿಲ್ಲ. ಗಾಡಿ ವಾಪಸು, ಪೂರ್ತಿ ಹಣ ವಾಪಸು ಎಂಬುದು ಅವರ ಪಟ್ಟು. ಆರ್‌ಸಿ ಅವರ ಹೆಸರಿನಲ್ಲಿದೆ, ಅದರ ಮೇಲೆ ಬ್ಯಾಂಕಿನ ಅಡಮಾನವಿದೆ, ದೂರು ಕೊಡುವ ಹೊತ್ತಿಗೆ ಐದು ತಿಂಗಳು ಓಡಿಸಿದ್ದಾರೆ, ಎಂಜಿನ್ ಗಟ್ಟಿಯಾಗಿದೆ. ಬೆಲೆಯ ವ್ಯತ್ಯಾಸ ಕೇಳುವುದೇ ಜಾಣತನ ಎಂಬುದು ನನ್ನ ಅಭಿಪ್ರಾಯ. ವಕೀಲರು ಎರಡನ್ನೂ ಬರೆದರು: ಪೂರ್ತಿ ಹಣ, ಅದಿಲ್ಲವಾದರೆ ವ್ಯತ್ಯಾಸ ಮತ್ತು ಖರ್ಚು. ವ್ಯತ್ಯಾಸದ ಮೊತ್ತವನ್ನು ನಾನೇ ಲೆಕ್ಕ ಹಾಕಿ ಸಹಿ ಮಾಡಬಹುದಿತ್ತು, ಆದರೆ ಸ್ನೇಹಿತನ ವರದಿಗೆ ಬೆಲೆಯಿರುವುದಿಲ್ಲ. ಪರಿಚಯವಿಲ್ಲದ ಇನ್ನೊಬ್ಬ ಸಮೀಕ್ಷಕರಿಂದ ಬರೆಸಿದೆವು. ಅವರು, ಒಂದೂವರೆ ಲಕ್ಷ ಓಡಿದ ಇದೇ ವರ್ಷದ ಗಾಡಿಗೆ 4,10,000 ಎಂದರು. ವ್ಯತ್ಯಾಸ 1,25,000.

ರಾಜಿ

ಕಾಯ್ದೆಯ ಸೆಕ್ಷನ್ 37ರಡಿ, ಇಬ್ಬರೂ ಒಪ್ಪಿದ್ದರಿಂದ, ಆಯೋಗವು ಪ್ರಕರಣವನ್ನು ಮಧ್ಯಸ್ಥಿಕೆಗೆ ಕಳಿಸಿತು. ವ್ಯಾಪಾರಿ ಯಾಕೆ ಒಪ್ಪಿದರು ಎಂಬುದನ್ನು ನಾನು ಹೀಗೆ ಊಹಿಸುತ್ತೇನೆ. ಜಿಎಸ್‌ಟಿಯಲ್ಲಿ ನೋಂದಾಯಿಸಿಕೊಂಡ ಹಳೆ ಕಾರಿನ ವ್ಯಾಪಾರಿಗೆ ಆ ತೆರಿಗೆ ಬೀಳುವುದು ಲಾಭಾಂಶದ ಮೇಲೆ. ನಗದಾಗಿ ಪಡೆದ 50 ಸಾವಿರ ಲಾಭವೇ ಹೊರತು ಬೇರೇನಲ್ಲ, ಅದು ಲೆಕ್ಕದಲ್ಲಿಲ್ಲ, ಈಗ ಅದು ಪ್ರಮಾಣ ಮಾಡಿದ ದೂರಿನಲ್ಲಿ ಸಂದೇಶದ ಪ್ರತಿ ಸಮೇತ ಕುಳಿತಿದೆ. ಇದನ್ನು ನಾವು ಒಮ್ಮೆಯೂ ಬೆದರಿಕೆಯಾಗಿ ಬಳಸಲಿಲ್ಲ, ಬಳಸಬೇಕಾಗಿಯೂ ಬರಲಿಲ್ಲ.

ಮೂರು ಸಭೆಗಳಾದವು. ಮೊದಲು 40 ಸಾವಿರ, ಆಮೇಲೆ 80 ಎಂದವರು ಸೆಪ್ಟೆಂಬರ್‌ನಲ್ಲಿ 1,45,000ಕ್ಕೆ ಬಂದರು: ವ್ಯತ್ಯಾಸದ 1,25,000, ಕ್ಲಚ್ಚಿನ 14,800, ಉಳಿದದ್ದು ಸಮೀಕ್ಷೆ ಮತ್ತು ಓಡಾಟದ ಖರ್ಚಿಗೆ. ಗಾಡಿ ಮೇಷ್ಟ್ರ ಬಳಿಯೇ ಉಳಿಯುವುದು. ಮೇಷ್ಟ್ರು ಇದಕ್ಕೆ ಒಪ್ಪಿದ್ದು ಸಂತೋಷದಿಂದಲ್ಲ. ಆಯೋಗದ ಆದೇಶ ಅವರ ಪರವಾಗಿ ಬಂದರೂ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು, ಅದಕ್ಕೆ ವರ್ಷಗಳು ಹಿಡಿಯಬಹುದು ಎಂದು ವಕೀಲರು ವಿವರಿಸಿದ ಮೇಲೆ, ಸಾಲದ ಕಂತು ಕಟ್ಟುತ್ತಿದ್ದವರಿಗೆ ಬೇರೆ ದಾರಿ ಹೆಚ್ಚಿರಲಿಲ್ಲ.

ಎಲ್ಲ ಮುಗಿಯಿತೆನ್ನುವಾಗ ರಾಜಿ ಪತ್ರದ ಕರಡಿನಲ್ಲಿ ವ್ಯಾಪಾರಿಯ ಕಡೆಯವರು ಸೇರಿಸಿದ್ದ ಒಂದು ಷರತ್ತು ಕಣ್ಣಿಗೆ ಬಿತ್ತು. ಈ ವಾಹನದ ಕಿಲೋಮೀಟರ್ ಬಗ್ಗೆ ದೂರುದಾರರು ಇನ್ನು ಮುಂದೆ ಯಾರಿಗೂ, ಯಾವ ರೂಪದಲ್ಲೂ, ಹೇಳಿಕೆ ನೀಡತಕ್ಕದ್ದಲ್ಲ ಎಂದಿತ್ತು. ವ್ಯಾಪಾರಿಯ ಹೆಸರು ಎತ್ತದಿರಲು ಮೇಷ್ಟ್ರು ಸಿದ್ಧರಿದ್ದರು, ಅದರಲ್ಲಿ ಅವರಿಗೆ ಆಸಕ್ತಿಯೂ ಇರಲಿಲ್ಲ. ಆದರೆ ಈ ವಾಕ್ಯಕ್ಕೆ ಸಹಿ ಹಾಕಿದರೆ, ನಾಲ್ಕೈದು ವರ್ಷಗಳ ಮೇಲೆ ಗಾಡಿ ಮಾರುವಾಗ ಎದುರಿಗೆ ನಿಂತವರು ಎಷ್ಟು ಓಡಿದೆ ಎಂದು ಕೇಳಿದರೆ ತಾನು ಮೀಟರ್ ಕಡೆಗೆ ಕೈ ತೋರಿಸಿ ಸುಮ್ಮನಿರಬೇಕಾಗುತ್ತದೆ ಎಂದರು. ಅಷ್ಟು ಹೊತ್ತು ಹಣದ ವಿಷಯದಲ್ಲಿ ಮೆತ್ತಗಿದ್ದವರು ಇಲ್ಲಿ ಜಗ್ಗಲಿಲ್ಲ. ಬೇಕಾದರೆ ಹಣವನ್ನೂ ಬಿಡುತ್ತೇನೆ, ವಿಚಾರಣೆ ನಡೆಯಲಿ ಎಂದರು. ಮಧ್ಯಸ್ಥರು ಷರತ್ತನ್ನು ವ್ಯಾಪಾರಿಯ ಹೆಸರಿಗಷ್ಟೇ ಸೀಮಿತಗೊಳಿಸಿದರು. ಮೀಟರ್ ಕನಿಷ್ಠ 98,408 ಕಿಲೋಮೀಟರ್ ಕಡಿಮೆ ತೋರಿಸುತ್ತಿದೆ ಎಂಬುದನ್ನು ರಾಜಿ ಪತ್ರದಲ್ಲೇ ನಮೂದಿಸಲಾಯಿತು.

ಹಣ ಎರಡು ಕಂತುಗಳಲ್ಲಿ ಡಿಡಿ ಮೂಲಕ ಬಂತು. ಈಗ ಸರ್ವಿಸ್‌ಗೆ ಹೋದಾಗಲೆಲ್ಲ ಮೇಷ್ಟ್ರು ಜಾಬ್ ಕಾರ್ಡಿನಲ್ಲಿ ಎರಡು ಸಂಖ್ಯೆಗಳನ್ನು ಬರೆಸುತ್ತಾರೆ. ಕೊನೆಯ ಸಲದ ಬಿಲ್ಲಿನಲ್ಲಿ ಮೀಟರ್ 58,120, ಅದರ ಪಕ್ಕದಲ್ಲಿ ಪೆನ್ನಿನಲ್ಲಿ 1,56,528 ಎಂದಿತ್ತು. ಇಂಧನ ಫಿಲ್ಟರನ್ನೂ ಮುಂದಿನ ಸಸ್ಪೆನ್ಷನ್ ಬುಷ್‌ಗಳನ್ನೂ ಮೆಕ್ಯಾನಿಕ್ ಎರಡನೆಯ ಸಂಖ್ಯೆ ನೋಡಿ ಬದಲಾಯಿಸಿದ್ದರು.